ತಿರುಪಿಗೆ ಕೈ ಹಾಕುವ ಮುನ್ನ

ಕಂಪ್ಯೂಟರ್ ಎಂಬ್ರಾಯ್ಡರಿ ಮಾಡಿಸಿದ ರವಿಕೆಯ ತೋಳನ್ನು ಹೊರಳಿಸಿ, ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿ. ಮುಂಭಾಗದಲ್ಲಿ ಹೊಳೆಯುವ ಕೆಂಪು ಪಟ್ಟಿಯಂತೆ ಕಂಡ ಹೂವಿನ ಎಸಳು ಹಿಂಬದಿಯಲ್ಲಿ ಮೂರು ಪಾಲಾಗಿರುತ್ತದೆ: ಎರಡು ಅಂಚಿನಲ್ಲಿ ಕೆಂಪು, ನಡುವೆ ಬಿಳಿ. ನಡುವಿನ ಬಿಳಿ ಬಾಬಿನ್ನಿನ ದಾರ. ಮೂರೂ ಪಾಲು ಹೆಚ್ಚುಕಡಿಮೆ ಸಮವಾಗಿದ್ದರೆ ಮೇಲಿನ ದಾರಕ್ಕೂ ಕೆಳಗಿನ ದಾರಕ್ಕೂ ಹೊಂದಾಣಿಕೆ ಇದೆ. ಬಿಳಿ ಮಾಯವಾಗಿ ಹಿಂಬದಿಯೆಲ್ಲ ಕೆಂಪಾಗಿದ್ದರೆ ಮೇಲಿನ ದಾರ ಸಡಿಲ, ಇಲ್ಲವೇ ಕೆಳಗಿನದು ಬಿಗಿ. ಬಿಳಿ ಅಗಲಕ್ಕೆ ಹರಡಿ ಕೆಂಪು ಎರಡು ಗೆರೆಯಷ್ಟೇ ಉಳಿದಿದ್ದರೆ ಇದರ ತದ್ವಿರುದ್ಧ. ಇನ್ನೂ ಕೆಟ್ಟಾಗ ಆ ಬಿಳಿ ಮುಂಭಾಗಕ್ಕೇ ಬಂದು, ಎಸಳಿನ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಇಣುಕುತ್ತದೆ. ಗಿರಾಕಿಯ ಕಣ್ಣಿಗೆ ಮೊದಲು ಬೀಳುವುದು ಅದೇ.

ಹೀಗಾದ ಕೂಡಲೇ ಯಂತ್ರದ ಮುಂದೆ ಕೂತವರ ಕೈ ತಾನಾಗಿ ಟೆನ್ಶನ್ ತಿರುಪಿಗೆ ಹೋಗುತ್ತದೆ. ಅರ್ಧ ಸುತ್ತು ಬಿಗಿ ಮಾಡುವುದು, ಹೊಲಿದು ನೋಡುವುದು, ಸರಿಹೋಗಲಿಲ್ಲವೆಂದು ಇನ್ನರ್ಧ ಸುತ್ತು. ಮಧ್ಯಾಹ್ನದ ಹೊತ್ತಿಗೆ ಮೇಲಿನ ತಿರುಪು, ಕೆಳಗಿನ ತಿರುಪು ಎರಡೂ ಎಲ್ಲಿದ್ದವೆಂಬುದು ಯಾರಿಗೂ ನೆನಪಿರುವುದಿಲ್ಲ. ನನ್ನ ವಾದ ಇಷ್ಟೇ: ನಿನ್ನೆ ಚೆನ್ನಾಗಿ ಹೊಲಿಯುತ್ತಿದ್ದ ಯಂತ್ರ ಇಂದು ಕೆಟ್ಟು ಹೊಲಿಯುತ್ತಿದ್ದರೆ, ತಪ್ಪು ತಿರುಪಿನದ್ದಲ್ಲ. ರಾತ್ರಿ ಯಾರೂ ಬಂದು ತಿರುಪು ತಿರುಗಿಸಿ ಹೋಗಿಲ್ಲ. ಬದಲಾಗಿರುವುದು ದಾರ ನಡೆದು ಬರುವ ದಾರಿಯಲ್ಲಿ ಬೇರೆ ಏನೋ. ಅದು ಏನೆಂದು ಹುಡುಕಲು ಬೇಕಾಗುವುದು ಪ್ರೌಢಶಾಲೆಯ ಭೌತಶಾಸ್ತ್ರಕ್ಕಿಂತ ಒಂದು ಹೆಜ್ಜೆ ಮುಂದಿನ ತಿಳಿವಳಿಕೆ ಮಾತ್ರ.

ಎರಡು ದಾರಗಳ ಜಗಳ

ಇಳಕಲ್ ಸೀರೆಯ ಸೆರಗಿನ ಮೇಲೆ ಗವಂತಿ ಕಸೂತಿ ಹಾಕುವವರಿಗೆ ಈ ತಾಪತ್ರಯವಿಲ್ಲ. ಅಲ್ಲಿರುವುದು ಒಂದೇ ದಾರ. ಒಂದು ಹೊಲಿಗೆ ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಿ, ಹಿಂತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತಾರೆ; ಸೀರೆಯ ಎರಡೂ ಮುಖ ಒಂದೇ ಥರ ಕಾಣುತ್ತವೆ. ದಾರ ಎಷ್ಟು ಬಿಗಿ ಇರಬೇಕೆಂದು ಬೆರಳಿನ ತುದಿಯೇ ತೀರ್ಮಾನಿಸುತ್ತದೆ, ಪ್ರತಿ ಹೊಲಿಗೆಗೂ ಬೇರೆ ಬೇರೆಯಾಗಿ.

ಮೊದಲ ಎಂಬ್ರಾಯ್ಡರಿ ಯಂತ್ರ ಅನುಕರಿಸಿದ್ದೂ ಕೈಯನ್ನೇ. 1828ರಲ್ಲಿ ಫ್ರಾನ್ಸ್‌ನ ಮುಲೂಸ್ ಪಟ್ಟಣದ ಜೋಸುಎ ಹೈಲ್ಮನ್ ರಚಿಸಿದ ಯಂತ್ರದಲ್ಲಿ ಸೂಜಿಗೆ ಎರಡೂ ತುದಿ ಚೂಪು, ಕಣ್ಣು ನಡುವೆ. ಚಿಮಟಗಳು ಸೂಜಿಯನ್ನು ಬಟ್ಟೆಯ ಈಚೆಯಿಂದ ಆಚೆಗೆ, ಆಚೆಯಿಂದ ಈಚೆಗೆ ಎಳೆಯುತ್ತಿದ್ದವು. ದಾರ ಒಂದೇ, ತುಂಡು ತುಂಡಾಗಿ ಪೋಣಿಸಬೇಕಿತ್ತು. 1863ರಲ್ಲಿ ಸ್ವಿಟ್ಜರ್ಲೆಂಡಿನ ಇಸಾಕ್ ಗ್ರೋಬ್ಲಿ ಆ ಕ್ರಮವನ್ನು ಬಿಟ್ಟು, ಹೊಲಿಗೆ ಯಂತ್ರದ ತತ್ವವನ್ನು ಎಂಬ್ರಾಯ್ಡರಿಗೆ ತಂದ. ಮೇಲೆ ರೀಲಿನಿಂದ ಕಡಿಯದೆ ಬರುವ ದಾರ, ಕೆಳಗೆ ಪುಟ್ಟ ದೋಣಿಯಾಕಾರದ ಶಟಲಿನಲ್ಲಿ ಇನ್ನೊಂದು ದಾರ. ಕೆಲಸದ ವೇಗ ಹೆಚ್ಚಿತು. ಅದರ ಜತೆಗೆ, ಎರಡು ದಾರಗಳಲ್ಲಿ ಯಾವುದು ಯಾವುದನ್ನು ಎಷ್ಟು ಎಳೆಯಬೇಕು ಎಂಬ ಪ್ರಶ್ನೆಯೂ ಎಂಬ್ರಾಯ್ಡರಿಯೊಳಕ್ಕೆ ಬಂತು. ಇಂದಿನ ಯಂತ್ರಗಳಲ್ಲಿ ದೋಣಿಯ ಬದಲು ಗಿರಗಿರ ತಿರುಗುವ ಹುಕ್ ಇದೆ. ಪ್ರಶ್ನೆ ಅದೇ.

ಒಂದು ಹೊಲಿಗೆ ಹೇಗೆ ಬೀಳುತ್ತದೆ ಎಂಬುದನ್ನು ನಿಧಾನವಾಗಿ ನೋಡೋಣ. ನಿಮಿಷಕ್ಕೆ 850 ಹೊಲಿಗೆ ಹಾಕುವ ಯಂತ್ರದಲ್ಲಿ ಒಂದಕ್ಕೆ ಸಿಗುವ ಕಾಲ ಸುಮಾರು 70 ಮಿಲಿಸೆಕೆಂಡ್. ಅಷ್ಟರಲ್ಲಿ ಸೂಜಿ ಬಟ್ಟೆ ತೂರಿ ತಳ ಮುಟ್ಟಿ, ಎರಡು ಎರಡೂವರೆ ಮಿಲಿಮೀಟರ್ ಮೇಲೇಳುತ್ತದೆ. ಸೂಜಿಯ ಒಂದು ಮಗ್ಗುಲಿನಲ್ಲಿ ಉದ್ದ ಕಾಲುವೆ ಇದೆ. ಆ ಕಡೆಯ ದಾರ ಕಾಲುವೆಯೊಳಗೆ ಸಲೀಸಾಗಿ ಜಾರುತ್ತದೆ. ಇನ್ನೊಂದು ಮಗ್ಗುಲಿನ ದಾರವನ್ನು ಬಟ್ಟೆ ಒತ್ತಿ ಹಿಡಿದಿರುತ್ತದೆ. ಹೀಗಾಗಿ ಸೂಜಿ ಮೇಲೇಳುವಾಗ ಆ ಕಡೆಯ ದಾರ ಜತೆಗೆ ಏಳಲಾರದೆ ಉಬ್ಬಿ ಕುಣಿಕೆಯಾಗುತ್ತದೆ. ಹುಕ್ಕಿನ ಮೊನೆ ಆ ಕುಣಿಕೆಯೊಳಗೆ ನುಗ್ಗಿ, ಅದನ್ನು ಹಿಗ್ಗಿಸಿ, ಇಡೀ ಬಾಬಿನ್ ಕೇಸಿನ ಸುತ್ತ ದಾಟಿಸುತ್ತದೆ. ಆಮೇಲೆ ಟೇಕಪ್ ಲಿವರ್ ಮೇಲಕ್ಕೆ ಚಿಮ್ಮಿ ಹೆಚ್ಚುವರಿ ದಾರವನ್ನೆಲ್ಲ ಹಿಂದಕ್ಕೆ ಸೆಳೆದು, ಎರಡು ದಾರಗಳು ಹೆಣೆದುಕೊಂಡ ಬೀಗವನ್ನು ಬಿಗಿಯುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಬಾಬಿನ್ ಕೇಸನ್ನು ಬಳಸಿ ಬರಲು ಕುಣಿಕೆಗೆ ಹತ್ತು ಸೆಂಟಿಮೀಟರ್ ಆಸುಪಾಸು ದಾರ ಬೇಕು. ಬಟ್ಟೆಯಲ್ಲಿ ಉಳಿಯುವುದು ಕೆಲವೇ ಮಿಲಿಮೀಟರ್. ಹೊಲಿಗೆಗೆ ನಾಲ್ಕು ಮಿಲಿಮೀಟರ್ ಖರ್ಚಾಗುತ್ತದೆ ಎಂದಿಟ್ಟುಕೊಂಡರೆ, ದಾರದ ಒಂದೇ ತುಣುಕು ಬಟ್ಟೆಯಲ್ಲಿ ನೆಲೆಸುವ ಮೊದಲು ಸೂಜಿಯ ಕಣ್ಣಿನಲ್ಲಿ 25 ಸಲ ಹೋಗಿ ಬರುತ್ತದೆ. ಕಣ್ಣಿನ ಅಂಚಿನಲ್ಲಿ ಉಗುರಿಗೂ ತಾಕದಷ್ಟು ಸಣ್ಣ ತರಚು ಇದ್ದರೂ ಸಾಕು, 25 ಸಲ ಉಜ್ಜಿಸಿಕೊಂಡ ದಾರ ನಾರು ಬಿಟ್ಟುಕೊಂಡು ಹರಿಯುತ್ತದೆ. ದಾರ ಕಡಿಯಿತೆಂದು ಟೆನ್ಶನ್ ಸಡಿಲ ಮಾಡುವವರು ಬಹಳ. ಮೊದಲು ಬದಲಿಸಬೇಕಾದದ್ದು ಕೆಲವೇ ರೂಪಾಯಿಯ ಸೂಜಿ.

ತಟ್ಟೆ ಕೂಡಿಸುತ್ತದೆ, ತಿರುವು ಗುಣಿಸುತ್ತದೆ

ರೀಲಿನಿಂದ ಸೂಜಿಯವರೆಗಿನ ದಾರಿಯಲ್ಲಿ ದಾರ ಎರಡು ಬಗೆಯ ತಡೆಗಳನ್ನು ಎದುರಿಸುತ್ತದೆ. ಮೊದಲನೆಯದು ಟೆನ್ಶನ್ ತಟ್ಟೆ. ಎದುರುಬದುರಾಗಿ ಕೂತ ಎರಡು ಬಿಲ್ಲೆಗಳನ್ನು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ದಾರ ಅವುಗಳ ನಡುವೆ ಜಾರಬೇಕು. ತಿರುಪು ತಿರುಗಿಸಿದರೆ ಸ್ಪ್ರಿಂಗ್ ಇನ್ನಷ್ಟು ಅದುಮಿಕೊಂಡು ಒತ್ತಡ ಏರುತ್ತದೆ, ಅದಕ್ಕೆ ತಕ್ಕಂತೆ ಘರ್ಷಣೆ. ಗುಂಡಿಯ ಮೇಲೆ ಕೊರೆದ 3, 4, 5 ಎಂಬ ಅಂಕಿಗಳಿಗೆ ಯಾವ ಮಾನವೂ ಇಲ್ಲ. ಸ್ಪ್ರಿಂಗ್ ಎಷ್ಟು ಅದುಮಿದೆ ಎಂಬುದರ ಗುರುತು ಅಷ್ಟೇ. ಒಬ್ಬರ ಯಂತ್ರದ 4 ಇನ್ನೊಬ್ಬರ ಯಂತ್ರದ 4 ಆಗಬೇಕಿಲ್ಲ. ‘ರೇಯಾನ್‌ಗೆ ಎಷ್ಟಕ್ಕೆ ಇಡಬೇಕು’ ಎಂದು ಕೇಳುವವರಿಗೂ, ತಡವಿಲ್ಲದೆ ಒಂದು ಅಂಕಿ ಹೇಳಿಬಿಡುವವರಿಗೂ ಇದನ್ನು ನೆನಪಿಸಬೇಕು.

ಎರಡನೆಯ ತಡೆ ತಿರುವುಗಳು: ಗೈಡಿನ ಕೊಂಡಿಗಳು, ಗೂಟಗಳು, ಲಿವರಿನ ತೂತು, ಸೂಜಿಯ ಕಣ್ಣು. ಇವುಗಳ ಲೆಕ್ಕವೇ ಬೇರೆ. ಹೋರಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿ ಹಿಡಿದರೆ ಹತ್ತು ವರ್ಷದ ಹುಡುಗನೂ ಅದನ್ನು ತಡೆಯಬಲ್ಲ ಎಂಬುದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಅದರ ಗಣಿತವನ್ನು ಬಿಡಿಸಿದವರು 18ನೇ ಶತಮಾನದ ಲಿಯೊನಾರ್ಡ್ ಆಯ್ಲರ್, ಆಮೇಲೆ ಜರ್ಮನಿಯ ಯೋಹಾನ್ ಐಟೆಲ್‌ವೈನ್. ಹಗ್ಗ ಕಂಬವನ್ನು ಬಳಸಿದ ಕೋನ ಹೆಚ್ಚಿದಂತೆ ಎರಡು ತುದಿಗಳ ಸೆಳೆತದ ಅನುಪಾತ ಘಾತೀಯವಾಗಿ ಏರುತ್ತದೆ. ಘರ್ಷಣಾಂಕ 0.3 ಇದ್ದರೆ ಎರಡು ಪೂರ್ತಿ ಸುತ್ತಿಗೆ ಅನುಪಾತ 43 ಪಟ್ಟು. ಕಂಬದ ದಪ್ಪ ಎಷ್ಟೆಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಎಷ್ಟು ಬಳಸಿದೆ ಎಂಬುದಷ್ಟೇ ಮುಖ್ಯ. ಅದಕ್ಕೇ ಕಡ್ಡಿಯಷ್ಟು ತೆಳ್ಳಗಿನ ಗೈಡು ಕೂಡ ದಾರವನ್ನು ಜೋರಾಗಿ ಹಿಡಿಯಬಲ್ಲದು. ಘರ್ಷಣಾಂಕ 0.2 ಇರುವ ನಯವಾದ ಗೂಟವನ್ನು ದಾರ ಅರ್ಧ ಸುತ್ತು ಬಳಸಿದರೆ ಸೆಳೆತ 1.87 ಪಟ್ಟಾಗುತ್ತದೆ, ಒಂದು ಪೂರ್ತಿ ಸುತ್ತಿಗೆ ಮೂರೂವರೆ ಪಟ್ಟು.

ಅಂದರೆ ತಟ್ಟೆ ಒಂದಿಷ್ಟು ಸೆಳೆತವನ್ನು ಕೂಡಿಸುತ್ತದೆ, ತಿರುವು ಇದ್ದ ಸೆಳೆತವನ್ನು ಗುಣಿಸುತ್ತದೆ. ಟೆನ್ಶನ್ ತೊಂದರೆಗಳಲ್ಲಿ ಅರ್ಧ ಅರ್ಥವಾಗುವುದು ಈ ವ್ಯತ್ಯಾಸದಿಂದ. ಒಂದು ಸರಳ ಲೆಕ್ಕ ಮಾಡೋಣ. ರೀಲಿನಿಂದ ದಾರ 5 ಗ್ರಾಂ ಸೆಳೆತದಲ್ಲಿ ಬರುತ್ತಿದೆ, ತಟ್ಟೆ 45 ಗ್ರಾಂ ಕೂಡಿಸಿತು, ಅಲ್ಲಿಂದ ಮುಂದಿನ ತಿರುವುಗಳೆಲ್ಲ ಸೇರಿ ಎರಡರಿಂದ ಗುಣಿಸಿದವು. ಸೂಜಿಯ ಬಳಿ 100 ಗ್ರಾಂ. ಈಗ ರೀಲಿನ ಅಂಚಿನಲ್ಲಿರುವ ದಾರ ಸಿಕ್ಕಿಸುವ ಸೀಳಿಗೆ ದಾರ ತಗಲಿಕೊಂಡು 20 ಗ್ರಾಂ ಹೆಚ್ಚಾಯಿತೆನ್ನಿ. ಸೂಜಿಯ ಬಳಿ ಹೆಚ್ಚಾಗುವುದು 20 ಅಲ್ಲ, 40. ಬಾಬಿನ್ ದಾರ ಮೇಲೆ ಇಣುಕಿತು. ಕೂತವರು ತಿರುಪು ಸಡಿಲಿಸಿ ತಟ್ಟೆಯ ಪಾಲನ್ನು 25ಕ್ಕೆ ಇಳಿಸಿ ಮತ್ತೆ 100ಕ್ಕೆ ತಂದರು. ಸಮಾಧಾನವಾಯಿತು. ಹತ್ತು ನಿಮಿಷದ ಮೇಲೆ ಸೀಳಿನಿಂದ ದಾರ ತಾನಾಗಿ ಬಿಡಿಸಿಕೊಂಡಿತು. ಈಗ ಸೂಜಿಯ ಬಳಿ ಉಳಿದದ್ದು 60 ಗ್ರಾಂ. ಹಿಂಬದಿಯಲ್ಲಿ ಕುಣಿಕೆಗಳ ರಾಶಿ. ಮತ್ತೆ ತಿರುಪು. ಇಲ್ಲಿ ತಿರುಪು ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ತಪ್ಪಾಗಿದ್ದು ರೀಲಿನಲ್ಲಿದ್ದ ದೋಷಕ್ಕೆ ತಟ್ಟೆಯಲ್ಲಿ ಮದ್ದು ಹುಡುಕಿದ್ದು.

ಒಂದು ಒಗಟು

ಸೆಳೆತ ಅಳೆಯುವ ಪುಟ್ಟ ಮಾಪಕಗಳು ಸಿಗುತ್ತವೆ. ಅಳೆದು ನೋಡಿದರೆ, ಸರಿಯಾಗಿ ಹೊಲಿಯುವ ಯಂತ್ರದಲ್ಲಿ ಬಾಬಿನ್ ದಾರದ ಸೆಳೆತ ಸಾಮಾನ್ಯವಾಗಿ 20ರಿಂದ 25 ಗ್ರಾಂ, ಮೇಲಿನ 40 ನಂಬರಿನ ದಾರದ್ದು 100ರಿಂದ 130 ಗ್ರಾಂ. ಮೇಲಿನದು ಐದು ಪಟ್ಟು ಬಲಶಾಲಿ. ಹಾಗಿದ್ದರೆ ಬಾಬಿನ್ ದಾರವನ್ನು ಅದು ಸಲೀಸಾಗಿ ಮೇಲಕ್ಕೆ ಎಳೆದುಕೊಳ್ಳಬೇಕಿತ್ತಲ್ಲ? ಬೀಗ ಬಟ್ಟೆಯ ಅಡಿಯಲ್ಲೇ ಏಕೆ ಕೂರುತ್ತದೆ?

ಉತ್ತರ ಅಳೆಯುವ ರೀತಿಯಲ್ಲಿದೆ. ಮಾಪಕಕ್ಕೆ ಕಟ್ಟಿ ಸೂಜಿಯಿಂದ ದಾರವನ್ನು ಹೊರಕ್ಕೆ ಎಳೆಯುವಾಗ ದಾರಿಯ ಘರ್ಷಣೆಯೆಲ್ಲ ಅಳತೆಗೆ ಸೇರಿಕೊಳ್ಳುತ್ತದೆ. ಬೀಗ ಬಿಗಿಯುವ ಕ್ಷಣದಲ್ಲಿ ದಾರ ಚಲಿಸುವುದು ತದ್ವಿರುದ್ಧ ದಿಕ್ಕಿನಲ್ಲಿ. ಲಿವರ್ ಮೇಲಿನಿಂದ ಸೆಳೆಯುತ್ತದೆ. ಆಗ ಅದೇ ಸೂಜಿಕಣ್ಣು, ಅದೇ ಗೈಡು ಸೆಳೆತವನ್ನು ಗುಣಿಸುವ ಬದಲು ಭಾಗಿಸುತ್ತವೆ. ಅದರ ಮೇಲೆ ಬಟ್ಟೆಯ ತೂತು, ಹಿಂದೆ ಇಟ್ಟ ಪೇಪರ್, ಆಗಲೇ ಬಿದ್ದಿರುವ ಹೊಲಿಗೆಗಳ ದಪ್ಪ ಪದರ ತಮ್ಮ ಪಾಲು ಕಿತ್ತುಕೊಳ್ಳುತ್ತವೆ. ಮೇಲಿನ 100 ಗ್ರಾಂ ಬಟ್ಟೆಯ ಅಡಿ ತಲುಪುವಾಗ ಬಡವಾಗಿರುತ್ತದೆ. ಸಾದಾ ಹೊಲಿಗೆಯಲ್ಲಿ ಬೀಗ ಬಟ್ಟೆಯ ದಪ್ಪದ ಮಧ್ಯೆ ಕೂರಬೇಕು. ಎಂಬ್ರಾಯ್ಡರಿಯಲ್ಲಿ ಬೇಕೆಂದೇ ಮೇಲಿನ ದಾರವನ್ನು ಸ್ವಲ್ಪ ಸೋಲಿಸುತ್ತೇವೆ, ಬಿಳಿ ಎಂದೂ ಮುಖ ತೋರಿಸಬಾರದೆಂದು.

ಇದರಿಂದ ಒಂದು ವ್ಯಾವಹಾರಿಕ ಮಾತೂ ಹೊರಡುತ್ತದೆ. ತೆಳು ಜಾರ್ಜೆಟ್ ಮೇಲೆ ಸರಿಯಿದ್ದ ಟೆನ್ಶನ್, ಪೇಪರ್ ಹಾಕಿದ ದಪ್ಪ ರಾ ಸಿಲ್ಕ್ ಮೇಲೆ ಬೇರೆ ಫಲ ಕೊಡುತ್ತದೆ. ಪರೀಕ್ಷೆಯನ್ನು ಯಾವುದೋ ಕಾಟನ್ ಚಿಂದಿಯ ಮೇಲೆ ಮಾಡಿ ಪ್ರಯೋಜನವಿಲ್ಲ; ಅದೇ ಬಟ್ಟೆ, ಅದೇ ಪೇಪರ್, ಅದೇ ವೇಗ ಬೇಕು.

ಎಲ್ಲಿ ಕೆಟ್ಟಿದೆ ಎಂದು ಯಂತ್ರವನ್ನೇ ಕೇಳುವುದು

ಗಲೀಜು ಕಾಣಿಸುವ ಬದಿಗೂ ದೋಷ ಇರುವ ಬದಿಗೂ ಹೆಚ್ಚಾಗಿ ತಾಳೆಯಿರುವುದಿಲ್ಲ. ಬಟ್ಟೆಯ ಅಡಿಯಲ್ಲಿ ದಾರ ಉಂಡೆ ಕಟ್ಟಿ ಬಟ್ಟೆ ಪ್ಲೇಟಿಗೆ ಅಂಟಿಕೊಂಡಾಗ ಎಲ್ಲರೂ ಬೈಯುವುದು ಬಾಬಿನ್ನನ್ನು. ಉಂಡೆಯನ್ನು ಕತ್ತರಿಸಿ ಬಿಡಿಸಿ ನೋಡಿ, ಅದರಲ್ಲಿರುವುದು ಬಹುಪಾಲು ಮೇಲಿನ ಬಣ್ಣದ ದಾರ. ಮೇಲಿನಿಂದ ಹಿಂದಕ್ಕೆ ಸೆಳೆಯುವವರಿಲ್ಲದೆ ಪ್ರತಿ ಕುಣಿಕೆಯ ಹತ್ತು ಸೆಂಟಿಮೀಟರೂ ಕೆಳಗೇ ಉಳಿದು ಸುತ್ತಿಕೊಂಡಿದೆ. ಇಂಥ ಸಂದರ್ಭದಲ್ಲಿ ದಾರ ಟೇಕಪ್ ಲಿವರಿನಿಂದ ಹೊರಬಿದ್ದಿದೆ, ಅಥವಾ ತಟ್ಟೆಗಳ ನಡುವೆ ಕೂತೇ ಇಲ್ಲ. ಮನೆಬಳಕೆಯ ಯಂತ್ರಗಳಲ್ಲಿ ಫುಟ್ ಎತ್ತಿದಾಗ ತಟ್ಟೆಗಳು ಬಾಯಿ ತೆರೆಯುತ್ತವೆ, ಇಳಿಸಿದಾಗ ಮುಚ್ಚುತ್ತವೆ. ಫುಟ್ ಇಳಿಸಿಯೇ ದಾರ ಪೋಣಿಸಿದರೆ ಅದು ಮುಚ್ಚಿದ ತಟ್ಟೆಗಳ ಮೇಲೆ ಸವರಿಕೊಂಡು ಹೋಗುತ್ತದೆ. ನೋಡಲು ಎಲ್ಲ ಸರಿಯಿದೆ, ಸೆಳೆತ ಮಾತ್ರ ಸೊನ್ನೆ. ಪರೀಕ್ಷೆ ಸುಲಭ: ಫುಟ್ ಎತ್ತಿ ಸೂಜಿಯ ಬಳಿ ದಾರ ಎಳೆಯಿರಿ, ಸಲೀಸಾಗಿ ಬರಬೇಕು. ಇಳಿಸಿ ಎಳೆಯಿರಿ, ಸೂಜಿ ಬಾಗುವಷ್ಟು ತಡೆಯಬೇಕು. ಎರಡಕ್ಕೂ ವ್ಯತ್ಯಾಸ ಕಾಣದಿದ್ದರೆ ದಾರ ತಟ್ಟೆಯಲ್ಲಿಲ್ಲ. ಪೂರ್ತಿ ತೆಗೆದು ಮತ್ತೆ ಪೋಣಿಸಿ. ಈ ಒಂದೇ ಕೆಲಸದಿಂದ ಸರಿಹೋಗುವ ತೊಂದರೆಗಳಷ್ಟು ಬೇರಾವುದರಿಂದಲೂ ಸರಿಹೋಗುವುದಿಲ್ಲ.

ಹಲವು ಸೂಜಿಗಳ ಯಂತ್ರವಿದ್ದರೆ ಪತ್ತೆದಾರಿ ಇನ್ನೂ ಸುಲಭ. ಅಲ್ಲಿ ಪ್ರತಿ ಸೂಜಿಗೂ ತನ್ನದೇ ತಟ್ಟೆ, ತನ್ನದೇ ಗೈಡು. ಬಾಬಿನ್ ಮಾತ್ರ ಎಲ್ಲಕ್ಕೂ ಒಂದೇ. ಒಂದಿಂಚು ಉದ್ದ, ನಾಲ್ಕೈದು ಮಿಲಿಮೀಟರ್ ಅಗಲದ ಸ್ಯಾಟಿನ್ ಪಟ್ಟಿಯನ್ನು ಎಲ್ಲ ಸೂಜಿಗಳಿಂದಲೂ ಸಾಲಾಗಿ ಹೊಲಿದು, ಬಟ್ಟೆ ಮಗುಚಿ ನೋಡಿ. ಎಲ್ಲ ಪಟ್ಟಿಗಳೂ ಒಂದೇ ರೀತಿ ಕೆಟ್ಟಿದ್ದರೆ ಎಲ್ಲಕ್ಕೂ ಸಾಮಾನ್ಯವಾದದ್ದನ್ನು ಹಿಡಿಯಬೇಕು: ಬಾಬಿನ್, ಅದರ ಕೇಸು, ಹುಕ್ಕು. ಹಸಿರು ಮಾತ್ರ ಕೆಟ್ಟು ಉಳಿದವು ಚೆನ್ನಾಗಿದ್ದರೆ ಬಾಬಿನ್ನಿಗೆ ಕೈ ಹಾಕಲೇಬೇಡಿ. ಹಸಿರಿನ ರೀಲಿನಿಂದ ಸೂಜಿಯ ತನಕ ಬೆರಳಾಡಿಸಿಕೊಂಡು ಹೋಗಿ. ಹಸಿರು ರೀಲನ್ನು ಪಕ್ಕದ ಸೂಜಿಗೆ ವರ್ಗಾಯಿಸಿದಾಗ ದೋಷವೂ ಜತೆಗೆ ಹೋದರೆ ತಪ್ಪು ದಾರದ್ದು, ಹಳೆಯ ಜಾಗದಲ್ಲೇ ಉಳಿದರೆ ಆ ಸೂಜಿಯ ದಾರಿಯದ್ದು. ವೈದ್ಯರೂ ಎಲೆಕ್ಟ್ರಿಷಿಯನ್ನರೂ ಮಾಡುವುದು ಇದನ್ನೇ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಏನಾಯಿತೆಂದು ನೋಡುವುದು. ಮೇಲಿನ ತಿರುಪು, ಕೆಳಗಿನ ತಿರುಪು, ಸೂಜಿ, ದಾರ ಎಲ್ಲವನ್ನೂ ಒಟ್ಟಿಗೆ ಬದಲಿಸಿದವರಿಗೆ ಅದೃಷ್ಟವಶಾತ್ ಸರಿಹೋದರೂ ಏಕೆ ಸರಿಹೋಯಿತೆಂದು ತಿಳಿಯುವುದಿಲ್ಲ.

ತೊಂದರೆ ಯಾವಾಗ ಬರುತ್ತದೆ ಎಂಬುದೂ ಸಾಕ್ಷಿ. ಬಾಬಿನ್ ಬದಲಿಸಿದ ಮೇಲೆ ಶುರುವಾದರೆ ಬಾಬಿನ್ನನ್ನೇ ಅನುಮಾನಿಸಬೇಕು. ತಾಳ ಹಾಕಿದಂತೆ ಆಗಾಗ ಬಂದು ಹೋಗುತ್ತಿದ್ದರೆ ರೀಲು ಬಿಚ್ಚಿಕೊಳ್ಳುವುದರಲ್ಲಿ ದೋಷವಿದೆ. ಪ್ರತಿ ತೋಳಿನಲ್ಲೂ ಡಿಸೈನಿನ ಅದೇ ಎಲೆಯ ಅದೇ ತಿರುವಿನಲ್ಲಿ ದಾರ ಕಡಿಯುತ್ತಿದ್ದರೆ ಯಂತ್ರ ನಿರಪರಾಧಿ.

ಬಾಬಿನ್ ಕೇಸಿನೊಳಗೆ

ಬಾಬಿನ್ ಕೇಸನ್ನು ಹೊರತೆಗೆದು ಅಂಗೈಯಲ್ಲಿಟ್ಟುಕೊಳ್ಳಿ. ಅದರ ಮೈಮೇಲೆ ಉಗುರಿನಷ್ಟು ಅಗಲದ ಉಕ್ಕಿನ ತಗಡು ಅಪ್ಪಿಕೊಂಡಿದೆ. ಅದೇ ಸ್ಪ್ರಿಂಗ್. ಅದರ ನಡುವೆ ಎಳ್ಳುಕಾಳಿಗಿಂತ ತುಸು ದೊಡ್ಡ ತಿರುಪು. ದಾರ ಸೀಳಿನಲ್ಲಿ ಜಾರಿ, ಈ ತಗಡಿನ ಅಡಿಯಲ್ಲಿ ನುಸುಳಿ ಹೊರಬರುತ್ತದೆ. ಕೆಳಗಿನ ಸೆಳೆತವೆಲ್ಲ ಹುಟ್ಟುವುದು ಆ ಎರಡು ಲೋಹದ ಮೈಗಳ ನಡುವೆ, ಕೂದಲೆಳೆಯ ಸಂದಿನಲ್ಲಿ. ಇಲ್ಲಿ ಜುಂಗು ಸೇರಿಕೊಳ್ಳುತ್ತದೆ. ದಾರದಿಂದ ಉದುರಿದ ನಾರಿನ ಪುಡಿ, ಬ್ಯಾಕಿಂಗ್ ಪೇಪರಿನ ದೂಳು, ಒಂದಿಷ್ಟು ಎಣ್ಣೆ ಸೇರಿ ಹೆಪ್ಪುಗಟ್ಟಿ ತಗಡನ್ನು ಒಂದು ಕಡೆ ಎತ್ತಿ ಹಿಡಿಯುತ್ತದೆ. ಎತ್ತಿದ ತಗಡಿನಡಿ ದಾರ ಬಿಡುಬೀಸಾಗಿ ಓಡುತ್ತದೆ; ಬಿಳಿ ಮೇಲೆ ಬರುತ್ತದೆ. ಆಗ ತಿರುಪು ಬಿಗಿ ಮಾಡಿದರೆ ಜುಂಗು ಇನ್ನಷ್ಟು ಅದುಮಿಕೊಂಡು ಕೆಲಹೊತ್ತು ಸರಿಯೆನಿಸುತ್ತದೆ, ಆಮೇಲೆ ಅದು ಜಾರಿದೊಡನೆ ಸೆಳೆತ ಏಕಾಏಕಿ ಏರುತ್ತದೆ. ವಿಸಿಟಿಂಗ್ ಕಾರ್ಡಿನ ಮೂಲೆಯನ್ನು ತಗಡಿನಡಿ ತೂರಿಸಿ ದಾರದ ದಾರಿಯಲ್ಲೇ ಎಳೆದರೆ ಆ ಕಪ್ಪು ಹೆಪ್ಪು ಹೊರಬರುತ್ತದೆ. ಪಿನ್ನು, ಬ್ಲೇಡು ಬೇಡ. ಅವು ಗೀರು ಮಾಡುತ್ತವೆ, ಗೀರಿನಲ್ಲಿ ದಾರ ಸಿಕ್ಕಿಕೊಳ್ಳುತ್ತದೆ.

ಉಕ್ಕಿನ ಕೇಸಿನ ಸೆಳೆತ ನೋಡಲು ಮಾಪಕವಿಲ್ಲದವರು ಮಾಡುವ ಪರೀಕ್ಷೆಯೊಂದಿದೆ, ಅದು ಬಲು ಜಾಣತನದ್ದು. ದಾರದ ತುದಿ ಹಿಡಿದು ಕೇಸನ್ನು ತೂಗಬಿಡಿ. ಸುಮ್ಮನೆ ತೂಗುವಾಗ ಅದು ಇಳಿಯಬಾರದು. ಕೈಯನ್ನು ಮೆಲ್ಲಗೆ ಕುಲುಕಿದರೆ ಒಂದೆರಡು ಇಂಚು ಇಳಿದು ನಿಲ್ಲಬೇಕು. ತಾನಾಗಿ ಜಾರಿ ನೆಲಕ್ಕಿಳಿದರೆ ಸಡಿಲ, ಕುಲುಕಿದರೂ ಮಿಸುಕದಿದ್ದರೆ ಬಿಗಿ. ಇಲ್ಲಿ ಕೇಸಿನ ತೂಕವೇ ತೂಕದ ಕಲ್ಲು. ನಿಂತಿರುವಾಗ ಸ್ಥಿರ ಘರ್ಷಣೆ ಆ ತೂಕವನ್ನು ತಡೆದಿರುತ್ತದೆ. ಕುಲುಕು ಅದನ್ನು ಮೀರುತ್ತದೆ. ಆದರೆ ಪ್ಲಾಸ್ಟಿಕ್ ಕೇಸಿಗೆ ಉಕ್ಕಿನ ಕೇಸಿನ ಅಂದಾಜು ಹೊಂದುವುದಿಲ್ಲ, ತೂಕ ಬೇರೆ. ತಿರುಪು ತಿರುಗಿಸಲೇಬೇಕಾದರೆ ಗಡಿಯಾರದ ಮುಳ್ಳನ್ನು ನೆನೆಸಿಕೊಂಡು ಹತ್ತು ನಿಮಿಷದಷ್ಟು ಜಾಗ ಮಾತ್ರ ಸರಿಸಿ, ಮತ್ತೆ ತೂಗಿ ನೋಡಿ.

ಬಾಬಿನ್ ಮುಗಿಯುತ್ತ ಬಂದಾಗ ಹೊಲಿಗೆಯ ಗುಣ ಬದಲಾಗುವುದನ್ನು ನೀವು ಗಮನಿಸಿರಬಹುದು. ತುಂಬಿದ ಬಾಬಿನ್ನಿನಲ್ಲಿ ದಾರ ಬಿಚ್ಚಿಕೊಳ್ಳುವುದು ಕೇಂದ್ರದಿಂದ 10 ಮಿಲಿಮೀಟರ್ ದೂರದಲ್ಲಿ, ಖಾಲಿಯಾಗುವಾಗ 4 ಮಿಲಿಮೀಟರ್ ಆಸುಪಾಸಿನಲ್ಲಿ. ತಿರುಗಿಸುವ ತೋಳು ಕಿರಿದಾದಷ್ಟು ಎಳೆಯುವ ಬಲ ಹೆಚ್ಚು ಬೇಕು. ಬಾಬಿನ್ ತನ್ನ ಕೇಸಿನೊಳಗೆ ಉಜ್ಜಿಕೊಳ್ಳುವ ಪಾಲು ಎರಡೂವರೆ ಪಟ್ಟಾಗುತ್ತದೆ. ಸ್ಪ್ರಿಂಗಿನ ಪಾಲಿಗೆ ಹೋಲಿಸಿದರೆ ಇದು ಚಿಕ್ಕದು, ಆದರೆ ಬಾಬಿನ್ ಸೊಟ್ಟಗಿದ್ದರೆ, ಅಂಚು ಮಸೆದಿದ್ದರೆ ಚಿಕ್ಕದಾಗಿ ಉಳಿಯುವುದಿಲ್ಲ. ಕೈಬಿಟ್ಟು ಸಡಿಲವಾಗಿ ಸುತ್ತಿದ ಬಾಬಿನ್ನೂ ಇಂಥದ್ದೇ ಉಪದ್ರವ ಕೊಡುತ್ತದೆ. ಸುತ್ತಿದ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಬಿಚ್ಚಿ ಮತ್ತೆ ಸುತ್ತಿ.

ದಾರದ ಜಾತಕ

ಎಂಬ್ರಾಯ್ಡರಿಗೆ ಬಳಸುವುದು ಹೆಚ್ಚಾಗಿ ಪಾಲಿಯೆಸ್ಟರ್ ಅಥವಾ ರೇಯಾನ್. ಹೊಳಪಿನಲ್ಲಿ ಅಣ್ಣತಮ್ಮಂದಿರಂತೆ ಕಂಡರೂ ಗುಣದಲ್ಲಿ ದೂರ. ರೇಯಾನ್ ಮರದ ತಿರುಳಿನ ಸೆಲ್ಯುಲೋಸ್‌ನಿಂದ ಮಾಡಿದ್ದು, ನೀರು ಕುಡಿಯುತ್ತದೆ: ಸಾಮಾನ್ಯ ಹವೆಯಲ್ಲೇ ತನ್ನ ಒಣತೂಕದ ಶೇ. 11ರಿಂದ 13ರಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇ. 0.4ರಷ್ಟು. ತೇವಗೊಂಡ ಹತ್ತಿ ಬಲವಾಗುತ್ತದೆ, ತೇವಗೊಂಡ ರೇಯಾನ್ ದುರ್ಬಲವಾಗುತ್ತದೆ. ಮಂಗಳೂರಿನ ಆಷಾಢದಲ್ಲಿ ತೆರೆದ ಕಪಾಟಿನಲ್ಲಿಟ್ಟ ರೇಯಾನ್ ರೀಲು ಕಲಬುರಗಿಯ ಏಪ್ರಿಲ್‌ನಲ್ಲಿದ್ದಂತೆ ನಡೆದುಕೊಳ್ಳುವುದಿಲ್ಲ. ಕರಾವಳಿಯಲ್ಲಿ ರೇಯಾನ್ ಬಳಸುವವರು ಮುಚ್ಚಳವಿರುವ ಡಬ್ಬಿಯಲ್ಲಿಡುವುದು ಮೇಲು. ಕಿಟಕಿಯ ಬಿಸಿಲಿಗೆ ಬಣ್ಣ ಚೆಂದ ಕಾಣಲೆಂದು ಜೋಡಿಸಿಟ್ಟ ರೀಲುಗಳ ಆಯಸ್ಸೂ ಕಡಿಮೆ.

ಪಾಲಿಯೆಸ್ಟರಿನ ಸಮಸ್ಯೆ ಬೇರೆ. ಅದು ಹಿಗ್ಗುತ್ತದೆ, ಕಡಿಯುವುದಿಲ್ಲ. ಹಾಗಾಗಿ ಟೆನ್ಶನ್ ಅತಿಯಾದರೂ ಯಂತ್ರ ನಿಲ್ಲದೆ ಹೊಲಿಯುತ್ತಲೇ ಹೋಗುತ್ತದೆ, ಕೆಲಸ ಚೆನ್ನಾಗಿ ಬಂದಿದೆ ಎಂದುಕೊಳ್ಳುತ್ತೇವೆ. ಫ್ರೇಮಿನಿಂದ ಬಟ್ಟೆ ಬಿಚ್ಚಿದಾಗ ಹಿಗ್ಗಿದ್ದ ದಾರ ತನ್ನ ಉದ್ದಕ್ಕೆ ಮರಳಲು ಹೊರಡುತ್ತದೆ, ಬಟ್ಟೆಯನ್ನೂ ಜತೆಗೆ ಎಳೆಯುತ್ತದೆ. ಹೂವಿನ ಸುತ್ತ ಸುಕ್ಕು. ಇಸ್ತ್ರಿ ಮಾಡಿದರೆ ಹೋಗುವ ಸುಕ್ಕಲ್ಲ ಅದು. ರೇಯಾನ್ ಇದ್ದಿದ್ದರೆ ಮೊದಲೇ ಕಡಿದು ಎಚ್ಚರಿಸುತ್ತಿತ್ತು.

ಝರಿ ದಾರ ಎಲ್ಲರಿಗಿಂತ ಹಟಮಾರಿ. ನಡುವಿನ ಎಳೆಯ ಮೇಲೆ ಲೋಹಲೇಪಿತ ಚಪ್ಪಟೆ ಪಟ್ಟಿ ಸುತ್ತಿ ಮಾಡಿದ ದಾರ ಅದು. ಗಟ್ಟಿ ತಿರುವಿನಲ್ಲಿ ಪಟ್ಟಿ ಸಿಪ್ಪೆ ಏಳುತ್ತದೆ, ಏಳದಿದ್ದರೆ ದಾರ ಸುರುಳಿಯಾಗಿ ಗಂಟಿಕ್ಕುತ್ತದೆ. ರೀಲಿನ ತಲೆಯ ಮೇಲಿನಿಂದ ದಾರ ಎಳೆದಾಗ ಬಿಚ್ಚಿದ ಪ್ರತಿ ಸುತ್ತಿಗೂ ಒಂದೊಂದು ತಿರುಚು ದಾರಕ್ಕೆ ಸೇರುತ್ತದೆ. ಮಗ್ಗುಲಿನಿಂದ, ರೀಲನ್ನೇ ಉರುಳಿಸಿ ಬಿಚ್ಚಿದರೆ ಸೇರುವುದಿಲ್ಲ. ಮೆತ್ತನೆಯ ರೇಯಾನ್ ಆ ತಿರುಚನ್ನು ನುಂಗಿಕೊಳ್ಳುತ್ತದೆ, ಝರಿ ನುಂಗುವುದಿಲ್ಲ. ಅದಕ್ಕೇ ಝರಿ ರೀಲನ್ನು ಮಗ್ಗುಲಾಗಿಟ್ಟು ಉರುಳುವಂತೆ ಮಾಡುವುದು, ಅಥವಾ ಯಂತ್ರದಿಂದ ದೂರವಿಟ್ಟು ತಿರುಚು ಬಿಡಿಸಿಕೊಳ್ಳಲು ಜಾಗ ಕೊಡುವುದು ಸರಿ. ಸೂಜಿ ಮಾಮೂಲಿ 75ರ ಬದಲು 90 ಇರಲಿ. ಅಂಕಿ ಸೂಜಿಯ ದಪ್ಪವನ್ನು ಮಿಲಿಮೀಟರಿನ ನೂರನೇ ಭಾಗದಲ್ಲಿ ಹೇಳುತ್ತದೆ, ದಪ್ಪದ ಜತೆ ಕಣ್ಣೂ ದೊಡ್ಡದಾಗುತ್ತದೆ. ವೇಗ ಇಳಿಸಿ. ಇಷ್ಟೆಲ್ಲ ಆದ ಮೇಲೆ ಮೇಲಿನ ತಿರುಪನ್ನು ಸಡಿಲಿಸುವುದು ನ್ಯಾಯ. ತಿರುಪಿಗೆ ನಿಜವಾದ ಕೆಲಸವಿರುವ ಕೆಲವೇ ಸಂದರ್ಭಗಳಲ್ಲಿ ಇದೊಂದು.

ಟೆನ್ಶನ್ನಿನ ವೇಷ ಹಾಕಿದವು

ಫ್ರೇಮಿನಲ್ಲಿ ಬಟ್ಟೆ ಸಡಿಲವಿದ್ದರೆ ಸೂಜಿ ಮೇಲೇಳುವಾಗ ಬಟ್ಟೆಯೂ ಜತೆಗೆ ಏಳುತ್ತದೆ. ಕುಣಿಕೆ ಹುಟ್ಟಲು ಬಟ್ಟೆ ದಾರವನ್ನು ಹಿಡಿದು ನಿಲ್ಲಬೇಕು ಎಂದೆವಲ್ಲ, ಬಟ್ಟೆಯೇ ಎದ್ದರೆ ಕುಣಿಕೆ ಬಡಕಲಾಗುತ್ತದೆ, ಹುಕ್ಕಿನ ಮೊನೆ ತಪ್ಪುತ್ತದೆ, ಹೊಲಿಗೆ ಹಾರುತ್ತದೆ. ಅದಕ್ಕೆ ತಿರುಪಿನಲ್ಲಿ ಔಷಧವಿಲ್ಲ. ಹಾಗೆಂದು ಬಟ್ಟೆಯನ್ನು ಎಳೆದೆಳೆದು ಫ್ರೇಮಿಗೆ ಹಾಕಿದರೆ ಬಿಚ್ಚಿದ ಮೇಲೆ ಅದೂ ಸುಕ್ಕಾಗುತ್ತದೆ, ಬಿಗಿಯಾಗಿರಬೇಕು, ಹಿಗ್ಗಿರಬಾರದು.

ಡಿಸೈನಿನ ದಟ್ಟಣೆಯದ್ದು ಇನ್ನೊಂದು ವೇಷ. 40 ನಂಬರಿನ ದಾರಕ್ಕೆ ಸ್ಯಾಟಿನ್ ಹೊಲಿಗೆಗಳ ನಡುವಿನ ಅಂತರ ಸಾಮಾನ್ಯವಾಗಿ 0.4 ಮಿಲಿಮೀಟರ್. ದೊಡ್ಡ ಡಿಸೈನನ್ನು ಹೊಲಿಗೆಗಳ ಸಂಖ್ಯೆ ಬದಲಿಸದೆ ಕುಗ್ಗಿಸಿ ತೋಳಿಗೆ ಕೂರಿಸಿದರೆ ಅಂತರ 0.3ಕ್ಕೋ ಅದಕ್ಕಿಂತ ಕೆಳಗೋ ಇಳಿಯುತ್ತದೆ. ಸೂಜಿ ಆಗಲೇ ದಾರ ತುಂಬಿದ ಜಾಗಕ್ಕೇ ಮತ್ತೆ ಮತ್ತೆ ಕುಕ್ಕುತ್ತದೆ. ಬೀಗ ಕೂರಲು ಅಡಿಯಲ್ಲಿ ಜಾಗವೇ ಇರುವುದಿಲ್ಲ. ಇಂಥ ಡಿಸೈನನ್ನು ಹೊಲಿಯಲು ಯಂತ್ರವನ್ನು ತಿದ್ದುವವರು, ಮುಂದಿನ ಹತ್ತು ಒಳ್ಳೆಯ ಡಿಸೈನುಗಳನ್ನೂ ಕೆಡಿಸಿಕೊಳ್ಳುತ್ತಾರೆ. ತಿದ್ದಬೇಕಾದದ್ದು ಫೈಲು.

ಯಂತ್ರ ಚೆನ್ನಾಗಿ ಹೊಲಿಯುತ್ತಿರುವ ದಿನವೇ ಎರಡು ಕೆಲಸ ಮಾಡಿಟ್ಟುಕೊಳ್ಳಿ. ಪರೀಕ್ಷೆಯ ಪಟ್ಟಿಯೊಂದನ್ನು ಹೊಲಿದು, ದಾರದ ಹೆಸರು, ಬಟ್ಟೆ, ತಿರುಪಿನ ಅಂಕಿ, ತಾರೀಕು ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿ. ಬಾಬಿನ್ ಕೇಸಿನ ತಿರುಪಿನ ಸೀಳು ಯಾವ ಕಡೆ ನೋಡುತ್ತಿದೆಯೋ ಅಲ್ಲಿ ನೈಲ್ ಪಾಲಿಶಿನ ಒಂದು ಚುಕ್ಕಿ ಇಡಿ. ಝರಿಯ ಕೆಲಸ ಹೆಚ್ಚಿದ್ದರೆ ಇನ್ನೊಂದು ಬಾಬಿನ್ ಕೇಸ್ ಕೊಂಡು ಅದಕ್ಕೆ ಬೇರೆ ಬಣ್ಣದ ಚುಕ್ಕಿ ಇಟ್ಟುಬಿಡಿ. ಒಂದನ್ನೇ ದಿನಕ್ಕೆ ನಾಲ್ಕು ಸಲ ತಿರುಗಿಸುವ ಪಾಡು ತಪ್ಪುತ್ತದೆ.